ಟ್ರೇಲರ್ ಮಟ್ಟಕ್ಕೆ ಬಂದ ದಿನ
ಹಳೆಯ ಪಿಕಪ್ ಮಾರಿ ಇನ್ನೂ ಎತ್ತರದ ಫೋರ್ ವೀಲ್ ಡ್ರೈವ್ ಗಾಡಿ ತಂದೆವು. ಅದಕ್ಕೆ ನಮ್ಮ ಫಿಫ್ತ್ ವೀಲ್ ಟ್ರೇಲರ್, ಅಂದರೆ ಪಿಕಪ್‌ನ ಹಿಂದಿನ ತೊಟ್ಟಿಯೊಳಗಿನ ಕೊಂಡಿಗೆ ಮೂತಿ ಸಿಕ್ಕಿಸಿ ಎಳೆಯುವ ಟ್ರೇಲರ್, ಜೋಡಿಸಿದಾಗ ಟ್ರೇಲರ್‌ನ ಮೂತಿ ಮೇಲೆದ್ದಿತ್ತು. "ಹಿಂದೆ ಕುಸಿದ ಹಾಗಿದೆ ಅಲ್ವಾ?" ಎಂದಳು ಹೆಂಡತಿ. ಹೊರಡುವ ಮೊದಲೇ ಇದನ್ನು ಸರಿಮಾಡಬೇಕು ಎಂದುಕೊಂಡೆವು.

ಇದು ಬರೀ ನೋಟದ ವಿಷಯವಲ್ಲ. ನಮ್ಮದು ಎರಡು ಆಕ್ಸಲ್‌ನ ಟ್ರೇಲರ್. ಆಕ್ಸಲ್‌ಗಳ ಸ್ಪ್ರಿಂಗ್‌ಗಳನ್ನು ಜೋಡಿಸುವ ಈಕ್ವಲೈಸರ್ ಭಾರ ಹಂಚುತ್ತದೆ ನಿಜ, ಆದರೆ ಅದು ವಾಲುವುದಕ್ಕೂ ಒಂದು ಮಿತಿ ಇದೆ. ಮೂತಿ ತೀರಾ ಎದ್ದರೆ ಹಿಂದಿನ ಆಕ್ಸಲ್ ಮೇಲೆ ಹೊರೆ ಜಾಸ್ತಿ. ಅಲ್ಲಿನ ಟೈರ್‌ಗಳು ಬಿಸಿಯಾಗುತ್ತವೆ. ಹಗುರಾದ ಮುಂದಿನ ಚಕ್ರಗಳು ಜೋರಾಗಿ ಬ್ರೇಕ್ ಒತ್ತಿದಾಗ ಉರುಳದೆ ಜಾರಬಹುದು. ನನಗೆ ಹೆದರಿಕೆ ಇದ್ದದ್ದು ಅದಕ್ಕೇ.

ಖಾಲಿ ಟ್ರೇಲರ್ ಅಳೆದರೆ ಸುಮ್ನೆ ಶ್ರಮ. ಟ್ರೇಲರ್ ತೂಕದ ಶೇಕಡಾ 15ರಿಂದ 25ರಷ್ಟು ಕಿಂಗ್‌ಪಿನ್ (ಟ್ರೇಲರ್ ಮೂತಿಯಲ್ಲಿ ಕೆಳಮುಖವಾಗಿರುವ ಗೂಟ) ಮೂಲಕ ಪಿಕಪ್ ಮೇಲೆ ಕೂರುತ್ತದೆ, ಪಿಕಪ್‌ನ ಹಿಂಭಾಗ ತಗ್ಗುತ್ತದೆ. ಹಾಗಾಗಿ ಪ್ರವಾಸದ ಸಾಮಾನೆಲ್ಲ ತುಂಬಿದೆವು. ಕಾಂಕ್ರೀಟ್ ನೆಲ ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿದೆವು. ಆಮೇಲೆ ನೆಲದಿಂದ ಚಾಸಿಗೆ ಟೇಪು ಹಿಡಿದರೆ ಮುಂದೆ 5 ಇಂಚು ಹೆಚ್ಚು!

ಹಿಚ್, ಅಂದರೆ ಕಿಂಗ್‌ಪಿನ್ ಸಿಕ್ಕಿಸುವ ಪಿಕಪ್‌ನ ಕೊಂಡಿ, ಇಳಿಸುವುದು ಸುಲಭದ ದಾರಿ. ಆದರೆ ಇಳಿಸಿದಷ್ಟೂ ಪಿಕಪ್ ಬಾಡಿಯ ಅಂಚಿಗೂ ಟ್ರೇಲರ್ ತಳಕ್ಕೂ ನಡುವಿನ ಜಾಗ ಕಡಿಮೆಯಾಗುತ್ತದೆ. ಉಬ್ಬು ತಗ್ಗಿನಲ್ಲಿ ಎರಡೂ ತಾಗದಿರಲು ಅಲ್ಲಿ 6 ಇಂಚಾದರೂ ಬೇಕು. ಮಟ್ಟ ತುಸು ತಪ್ಪಿದರೂ ಈ ಜಾಗ ಬಿಟ್ಟುಕೊಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಿಚ್‌ನ ಎತ್ತರ ಹೊಂದಿಸುವ ತೂತುಗಳಲ್ಲಿ ಒಂದು ತೂತು ಕೆಳಗಿಳಿಸಿದಾಗ ಸರಿಯಾಗಿ 6 ಇಂಚು ಉಳಿಯಿತು, ಅಲ್ಲಿಗೇ ನಿಲ್ಲಿಸಿದೆವು. ಪಿಕಪ್‌ಗೆ ಏರ್ ಬ್ಯಾಗ್ (ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗುವ ಗಾಳಿ ಚೀಲ) ಹಾಕಿಸಿ ಎಂದ ಗೆಳೆಯರೂ ಇದ್ದರು. ಅದು ಪಿಕಪ್‌ನ ಹಿಂಭಾಗವನ್ನು ಎತ್ತುತ್ತದೆ, ಮೂತಿ ಇನ್ನೂ ಮೇಲೇರುತ್ತದೆ.

ಇನ್ನೂ 3 ಇಂಚು ವ್ಯತ್ಯಾಸ ಇತ್ತು. ಅದಕ್ಕೆ ಟ್ರೇಲರನ್ನೇ ಎತ್ತರಿಸಬೇಕು. ವೆಲ್ಡಿಂಗ್ ಬಲ್ಲವರ ಕೈಯಲ್ಲಿ ಚಾಸಿಗೂ ಸ್ಪ್ರಿಂಗ್ ಹಿಡಿದಿಡುವ ಹ್ಯಾಂಗರ್‌ಗಳಿಗೂ ನಡುವೆ 2 ಇಂಚಿನ ಉಕ್ಕಿನ ಚೌಕ ಕೊಳವೆ ಕೂರಿಸಿದೆವು. ಕಿಂಗ್‌ಪಿನ್ ಇದ್ದಲ್ಲೇ ಇದ್ದು ಆಕ್ಸಲ್ ಹತ್ತಿರ 2 ಇಂಚು ಎದ್ದರೆ ಟ್ರೇಲರ್‌ನ ಬಾಲ ಅದಕ್ಕಿಂತ ಜಾಸ್ತಿ ಏಳುತ್ತದೆ. ಮತ್ತೆ ಅಳೆದಾಗ ಮುಂದೂ ಹಿಂದೂ ಒಂದೇ.

ಟ್ರೇಲರ್‌ನ ಎತ್ತರ ಬದಲಾಗಿತ್ತಲ್ಲ, ಚಾವಣಿಯ ಏಸಿ ತನಕ ಹೊಸದಾಗಿ ಅಳೆದು ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿದೆವು. ಹೆದ್ದಾರಿಯಲ್ಲಿ ಒಂದು ಗಂಟೆ ಎಳೆದು ನಿಲ್ಲಿಸಿ ಟೈರ್‌ಗಳ ಬಿಸಿ ನೋಡಿದೆವು. ಎರಡೂ ಆಕ್ಸಲ್‌ನವು ಹೆಚ್ಚುಕಮ್ಮಿ ಒಂದೇ ಇದ್ದವು. ಸಮಾಧಾನದಿಂದ ಮುಂದಿನ ದಾರಿ ಹಿಡಿದೆವು.