ಮುಖ್ಯ ಶಿಕ್ಷಕರ ಕೊಠಡಿ ಮತ್ತು ಪೊಲೀಸ್ ಠಾಣೆ

ಶಾಲೆಯೂ ಪೊಲೀಸ್ ಠಾಣೆಯೂ ಎಷ್ಟೋ ಊರುಗಳಲ್ಲಿ ಒಂದೇ ರಸ್ತೆಯಲ್ಲಿರುತ್ತವೆ. ಆದರೂ ವಿದ್ಯಾರ್ಥಿಯೊಬ್ಬರ ವಿಷಯದಲ್ಲಿ ಇವೆರಡೂ ಮುಖಾಮುಖಿಯಾದಾಗ ಯಾರು ಏನು ಮಾಡಬೇಕು, ಯಾರು ಏನು ಮಾಡಬಾರದು ಎಂಬುದು ಶಿಕ್ಷಕರಾದ ನಮ್ಮಲ್ಲಿ ಹೆಚ್ಚಿನವರಿಗೆ ಸ್ಪಷ್ಟವಿಲ್ಲ. ನಾನು ಬಿ.ಇಡಿ. ಓದುವಾಗ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತ, ಸಹೋದ್ಯೋಗಿಗಳ ಅನುಭವಗಳನ್ನು ಕೇಳುತ್ತ, ಕಾನೂನಿನ ಪುಸ್ತಕಗಳನ್ನು ತೆರೆದು ನೋಡುತ್ತ ಹೋದಂತೆ ನನಗೆ ಮನವರಿಕೆಯಾದದ್ದು ಇಷ್ಟು: ಮಗುವಿಗೆ ಅನ್ಯಾಯವಾದಾಗ ಪೊಲೀಸರಿಗೆ ತಿಳಿಸಲೇಬೇಕಾದ ಶಾಲೆ ಅದನ್ನು ಮುಚ್ಚಿಡುತ್ತದೆ, ಮಗುವಿನ ಮೇಲೆಯೇ ಆರೋಪ ಬಂದಾಗ ಅದರ ಪಕ್ಕದಲ್ಲಿ ನಿಲ್ಲಬೇಕಾದ ಶಾಲೆ ಅದನ್ನು ಪೊಲೀಸರ ಕೈಗೆ ಒಪ್ಪಿಸಿ ಹಿಂದೆ ಸರಿಯುತ್ತದೆ. ಕಾನೂನು ಹೇಳುವುದಕ್ಕೆ ಇದು ತೀರ ತಿರುಗುಮುರುಗು.

ಎರಡು ಸಂಸ್ಥೆಗಳೂ ಚೆನ್ನಾಗಿ ಕೈಜೋಡಿಸುವ ಸಂದರ್ಭಗಳಿಲ್ಲವೆಂದಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ, ಶಿಕ್ಷಕರು ಮಕ್ಕಳನ್ನು ಹೊರಗೆ ಕರೆತಂದರು, ಬಾಂಬ್ ಪತ್ತೆ ದಳದವರು ಕೊಠಡಿಗಳನ್ನು ಶೋಧಿಸಿದರು, ಬೆದರಿಕೆ ಹುಸಿಯೆಂದು ತಿಳಿಯಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಬಂದೋಬಸ್ತು, ಶಾಲೆಯ ಮುಂದಿನ ವಾಹನ ದಟ್ಟಣೆ, ಮಕ್ಕಳು ಠಾಣೆಗೆ ಭೇಟಿ ಕೊಡುವ ‘ತೆರೆದ ಮನೆ’ಯಂಥ ಕಾರ್ಯಕ್ರಮ, ಇವೆಲ್ಲ ಸುಲಭದ ಸಹಕಾರಗಳು. ಕಷ್ಟವಿರುವುದು ಒಂದು ಮಗುವಿನ ಹೆಸರು ಮಾತಿನ ನಡುವೆ ಬಂದಾಗ.

ಮೊದಲು ಮುಚ್ಚಿಡುವುದರ ಮಾತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು, ಅಪರಾಧ ನಡೆದಿರುವುದು ಗೊತ್ತಾದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿರುವವರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಬೇಕು ಎನ್ನುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ. ಸಂಸ್ಥೆಯ ಮುಖ್ಯಸ್ಥರಾಗಿದ್ದು ತಮ್ಮ ಕೈಕೆಳಗಿನವರ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲವೆಂಬ ರಕ್ಷಣೆಯೂ ಅದೇ ಕಲಮಿನಲ್ಲಿದೆ. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ದೌರ್ಜನ್ಯ ನಡೆದ ಪ್ರಕರಣದಲ್ಲಿ, ಮಾಹಿತಿಯನ್ನು ಮುಚ್ಚಿಟ್ಟ ಆರೋಪದ ಮೇಲೆ ಸಂಸ್ಥೆಯ ಮುಖ್ಯಸ್ಥರನ್ನೇ ಬಂಧಿಸಲಾಗಿತ್ತು. ಪೋಷಕರು ಬೀದಿಗಿಳಿದು ಪ್ರತಿಭಟಿಸಿದ ಆ ದಿನಗಳು ನಗರದ ಶಿಕ್ಷಕರಿಗೆ ಇನ್ನೂ ನೆನಪಿವೆ. ಆದರೂ ‘ಮೊದಲು ನಾವೇ ವಿಚಾರಿಸೋಣ’, ‘ಶಾಲೆಯ ಹೆಸರು ಹಾಳಾಗುತ್ತದೆ’, ‘ಹುಡುಗಿಯ ಭವಿಷ್ಯದ ಪ್ರಶ್ನೆ’ ಎಂಬ ಮಾತುಗಳನ್ನು ನಾನು ಇಂದಿಗೂ ಶಿಕ್ಷಕರ ಕೊಠಡಿಗಳಲ್ಲಿ ಕೇಳುತ್ತಿದ್ದೇನೆ. ಶಾಲೆಯೇ ಒಂದು ಸಮಿತಿ ಮಾಡಿ, ಆರೋಪಿಯನ್ನೂ ಮಗುವನ್ನೂ ಎದುರುಬದುರು ಕೂರಿಸಿ ವಿಚಾರಿಸುವ ಪದ್ಧತಿಯಂತೂ ಕ್ರೂರವಾದದ್ದು. ಮಗು ಹೇಳಿದ್ದನ್ನು ಕೇಳಿಸಿಕೊಂಡು, ಮತ್ತೆ ಮತ್ತೆ ಕೆದಕದೆ, ಆದಷ್ಟೂ ಅದರದೇ ಮಾತಿನಲ್ಲಿ ಬರೆದಿಟ್ಟುಕೊಂಡು, ಅದೇ ದಿನ ತಿಳಿಸುವುದಷ್ಟೇ ಶಾಲೆಯ ಕೆಲಸ. ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ.

ತಿಳಿಸಿದ ಮೇಲೆ ಪೊಲೀಸರಿಗೂ ಕಟ್ಟುಪಾಡುಗಳಿವೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಆಗ ಸಮವಸ್ತ್ರದಲ್ಲಿ ಇರಕೂಡದು. ತಂದೆತಾಯಿ ಅಥವಾ ಮಗು ನಂಬುವ ಬೇರೆ ಯಾರಾದರೂ ಜೊತೆಗಿರಬೇಕು. ಯಾವ ಕಾರಣಕ್ಕೂ ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಮಗು ನಂಬುವ ಆ ‘ಬೇರೆ ಯಾರಾದರೂ’ ಎಷ್ಟೋ ಸಲ ಶಿಕ್ಷಕಿಯೇ ಆಗಿರುತ್ತಾಳೆ ಎಂಬುದನ್ನು ನಾವು ಮರೆಯಬಾರದು.

ಈ ಕಡ್ಡಾಯದ ಒಳಗೆ ನಿಜವಾದ ಒಂದು ಸಂಕಟವೂ ಇದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಹದಿನಾರು, ಹದಿನೇಳರ ಹುಡುಗ ಹುಡುಗಿ ಪರಸ್ಪರ ಇಷ್ಟಪಟ್ಟು ಹತ್ತಿರವಾದರೂ ಪೋಕ್ಸೊ ಕಾಯ್ದೆಯ ದೃಷ್ಟಿಯಲ್ಲಿ ಅದು ಅಪರಾಧವೇ, ಏಕೆಂದರೆ ಅಲ್ಲಿ ಒಪ್ಪಿಗೆಯ ವಯಸ್ಸು 18. ವಿಷಯ ಗೊತ್ತಾದ ಶಿಕ್ಷಕಿ ತಿಳಿಸದಿದ್ದರೆ ತಾನೇ ತಪ್ಪಿತಸ್ಥೆಯಾಗುತ್ತಾಳೆ. ತಿಳಿಸಿದರೆ ತನ್ನದೇ ತರಗತಿಯ ಹುಡುಗನೊಬ್ಬ, ಮಕ್ಕಳ ಮೇಲಿನ ಆರೋಪಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು 2022ರ ನವೆಂಬರ್‌ನಲ್ಲಿ ಇಂಥ ಪ್ರಕರಣಗಳನ್ನು ಗಮನಿಸಿ, ವಯಸ್ಸಿನ ಮಿತಿಯ ಬಗ್ಗೆ ಮರುಚಿಂತನೆ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿತ್ತು. ಆಯೋಗ 2023ರಲ್ಲಿ ಕೊಟ್ಟ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದೂ, 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಲಯಗಳಿಗೆ ವಿವೇಚನೆಯ ಅವಕಾಶವಿರಲಿ ಎಂದೂ ಶಿಫಾರಸು ಮಾಡಿತು. ಧಾರವಾಡ ಪೀಠದ ಅದೇ ಆದೇಶದಲ್ಲಿ, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಕೊಡಲು ಶಿಕ್ಷಣ ಇಲಾಖೆ ವ್ಯವಸ್ಥೆ ಮಾಡಬೇಕೆಂಬ ಸೂಚನೆಯೂ ಇತ್ತು. ನನ್ನ ಮಟ್ಟಿಗೆ ಆ ಆದೇಶದ ಅತ್ಯಂತ ಉಪಯುಕ್ತ ಭಾಗ ಅದೇ. ಈ ಕಾನೂನು ಇದೆಯೆಂಬುದೇ ತಿಳಿಯದ ಮಕ್ಕಳು ಅದರಡಿ ಸಿಕ್ಕಿಬೀಳುವುದನ್ನು ತಡೆಯಲು ಶಾಲೆಗಿಂತ ಸೂಕ್ತ ಜಾಗ ಬೇರೆಯಿಲ್ಲ.

ಇನ್ನು ಎರಡನೆಯದು, ಮಗುವನ್ನು ಒಪ್ಪಿಸಿಬಿಡುವುದು. ತರಗತಿಯಲ್ಲಿ ಮೊಬೈಲ್ ಕಳೆದುಹೋಗುತ್ತದೆ, ಇಬ್ಬರು ಹುಡುಗರು ಹೊಡೆದಾಡಿಕೊಳ್ಳುತ್ತಾರೆ, ಯಾರದೋ ಚೀಲದಲ್ಲಿ ಸಿಗರೇಟು ಸಿಗುತ್ತದೆ. ಮುಖ್ಯ ಶಿಕ್ಷಕರು ಪರಿಚಯದ ಹೆಡ್ ಕಾನ್‌ಸ್ಟೆಬಲ್ ಒಬ್ಬರಿಗೆ ಫೋನ್ ಮಾಡಿ, ‘ಒಂದು ಸಲ ಬಂದು ಸ್ವಲ್ಪ ಹೆದರಿಸಿ ಹೋಗಿ ಸಾರ್’ ಎನ್ನುತ್ತಾರೆ. ಇದು ಕೆಟ್ಟ ಮನಸ್ಸಿನಿಂದ ಮಾಡುವ ಕೆಲಸವಲ್ಲ. ಎಷ್ಟೋ ಸಲ ಪೋಷಕರೇ ಹಾಗೆ ಕೇಳಿಕೊಳ್ಳುತ್ತಾರೆ. ಆದರೆ ಹಾಗೆ ಬಂದು ಹೆದರಿಸುವ ಅಧಿಕಾರ ಆ ಪೊಲೀಸರಿಗಿಲ್ಲ, ಅದನ್ನು ಕೇಳುವ ಅಧಿಕಾರ ನಮಗೂ ಇಲ್ಲ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ನಾವು ಮಾಡಬಾರದ್ದನ್ನು ಖಾಕಿ ತೊಟ್ಟವರಿಂದ ಮಾಡಿಸುವುದು ಅದಕ್ಕಿಂತ ಮೇಲೇನಲ್ಲ.

ಮಗು ನಿಜವಾಗಿಯೇ ತಪ್ಪು ಮಾಡಿದ್ದರೂ 2015ರ ಬಾಲ ನ್ಯಾಯ ಕಾಯ್ದೆ ಮತ್ತು ಅದರ 2016ರ ಮಾದರಿ ನಿಯಮಗಳು ತೋರುವ ದಾರಿ ಬೇರೆ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ನೇಮಕಗೊಂಡಿರಬೇಕು. ಸಾಮಾನ್ಯ ಕಳವಿನಂಥ ಆರೋಪಗಳಲ್ಲಿ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ. ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳುಹಿಸಬೇಕು. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧವಾದರೆ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ ಕೃತ್ಯವಾದರೆ ಮಾತ್ರ ಎಫ್‌ಐಆರ್. ಮಗುವನ್ನು ಲಾಕಪ್‌ಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ, ತಪ್ಪೊಪ್ಪಿಗೆಗೆ ಒತ್ತಾಯಿಸುವಂತಿಲ್ಲ, ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳುವಂತಿಲ್ಲ. ಸಾಕ್ಷಿಯೆಂದು ಕರೆಯುವುದಾದರೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ, 15 ವರ್ಷದೊಳಗಿನ ಹುಡುಗನನ್ನಾಗಲಿ ಯಾವುದೇ ವಯಸ್ಸಿನ ಹೆಣ್ಣುಮಕ್ಕಳನ್ನಾಗಲಿ ಠಾಣೆಗೆ ಬರಲೇಬೇಕೆಂದು ಕಡ್ಡಾಯಪಡಿಸುವಂತಿಲ್ಲ; ಅವರಿರುವ ಮನೆಗೇ ಹೋಗಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಈ ರಕ್ಷಣೆ ಇತ್ತು.

ಇಷ್ಟೆಲ್ಲ ಬರಹದಲ್ಲಿದ್ದರೂ ಏನಾಗಬಹುದು ಎಂಬುದನ್ನು 2020ರಲ್ಲಿ ಬೀದರ್ ತೋರಿಸಿತು. (ಮಕ್ಕಳ ಗುರುತು ಸಿಗುವಂತೆ ಶಾಲೆಯ ಹೆಸರನ್ನು ಬರೆಯುವುದೂ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿಗೆ ವಿರುದ್ಧವಾದ್ದರಿಂದ ಇಲ್ಲಿ ಹೆಸರಿಸುತ್ತಿಲ್ಲ.) ಆ ವರ್ಷದ ಜನವರಿಯಲ್ಲಿ ಶಾಲೆಯೊಂದರ ಚಿಕ್ಕ ತರಗತಿಗಳ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಕುರಿತ ನಾಟಕವಾಡಿದರು. ಅದರ ದೃಶ್ಯ ಸಾಮಾಜಿಕ ಜಾಲತಾಣದಲ್ಲಿ ಹರಡಿ, ದೂರು ದಾಖಲಾಗಿ, ರಾಜದ್ರೋಹದ ಆರೋಪದ ಮೇಲೆ ಮುಖ್ಯ ಶಿಕ್ಷಕಿಯನ್ನೂ ಒಂದು ಮಗುವಿನ ತಾಯಿಯನ್ನೂ ಬಂಧಿಸಲಾಯಿತು. ನಾಟಕದ ಮಾತುಗಳನ್ನು ಬರೆದವರು ಯಾರು, ಕಲಿಸಿದವರು ಯಾರು ಎಂದು ಕೇಳಲು ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದರು. ಸಮವಸ್ತ್ರದಲ್ಲಿದ್ದ ಪೊಲೀಸರು ಪುಟ್ಟ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಪ್ರಶ್ನಿಸುವ ಚಿತ್ರಗಳು ದೇಶವೆಲ್ಲ ಹರಡಿದವು. ಮಕ್ಕಳೊಂದಿಗೆ ವ್ಯವಹರಿಸುವ ಪೊಲೀಸರು ಸಾಧ್ಯವಾದಷ್ಟೂ ಮಫ್ತಿಯಲ್ಲಿರಬೇಕು, ಹೆಣ್ಣುಮಕ್ಕಳಾದರೆ ಮಹಿಳಾ ಸಿಬ್ಬಂದಿ ಇರಬೇಕು ಎಂದು ಮಾದರಿ ನಿಯಮ 86(5) ಹೇಳುತ್ತದೆ. ಈ ಚಿತ್ರಗಳನ್ನು ನೋಡಿದ ಹೈಕೋರ್ಟಿನ ವಿಭಾಗೀಯ ಪೀಠ 2021ರ ಆಗಸ್ಟ್‌ನಲ್ಲಿ, ಆಯುಧ ಧರಿಸಿದ ಸಿಬ್ಬಂದಿಯೂ ಅಲ್ಲಿದ್ದುದನ್ನು ಗುರುತಿಸಿ, ಮೇಲ್ನೋಟಕ್ಕೆ ಇದು ಮಕ್ಕಳ ಹಕ್ಕುಗಳ ಗಂಭೀರ ಉಲ್ಲಂಘನೆ ಎಂದಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠವು ಶಾಲೆಯ ಆಡಳಿತದವರ ಮೇಲಿನ ರಾಜದ್ರೋಹದ ಪ್ರಕರಣವನ್ನೇ ರದ್ದುಪಡಿಸಿತು; ಮಕ್ಕಳನ್ನು ಪ್ರಚಲಿತ ರಾಜಕೀಯ ವಿಷಯಗಳಿಂದ ದೂರವಿಡುವುದು ಒಳಿತೆಂಬ ಮಾತನ್ನೂ ಶಾಲೆಗಳಿಗೆ ಹೇಳಿತು. ಆ ಸಲಹೆಯನ್ನು ಒಪ್ಪಬಹುದು, ಬಿಡಬಹುದು. ಸಮಾಜ ವಿಜ್ಞಾನ ಕಲಿಸುವ ನನಗೆ ಅದನ್ನು ಪೂರ್ತಿ ಒಪ್ಪುವುದು ಕಷ್ಟ. ಆದರೆ ನಾಟಕ ಸರಿಯೋ ತಪ್ಪೋ ಎಂಬ ಪ್ರಶ್ನೆಗೂ, ಹತ್ತು ವರ್ಷದ ಮಗುವನ್ನು ಪೊಲೀಸರು ಹೇಗೆ ಮಾತನಾಡಿಸಬೇಕೆಂಬ ಪ್ರಶ್ನೆಗೂ ಸಂಬಂಧವಿಲ್ಲ. ಎರಡನೆಯದಕ್ಕೆ ಉತ್ತರವನ್ನು ನಿಯಮ ಮೊದಲೇ ಕೊಟ್ಟಿತ್ತು.

ಅಂಥ ಹೊತ್ತಿನಲ್ಲಿ ಮುಖ್ಯ ಶಿಕ್ಷಕರು ಏನು ಮಾಡಬಹುದು? ಪೊಲೀಸರನ್ನು ತಡೆಯುವುದು ಅವರ ಕೆಲಸವಲ್ಲ, ತನಿಖೆಗೆ ಅಡ್ಡಿಪಡಿಸುವುದು ತಪ್ಪು. ಆದರೆ ಬಂದವರ ಹೆಸರು, ಹುದ್ದೆ, ಠಾಣೆ, ಬಂದ ಕಾರಣ ಮತ್ತು ಸಮಯವನ್ನು ಸಂದರ್ಶಕರ ಪುಸ್ತಕದಲ್ಲಿ ಬರೆಸಿಕೊಳ್ಳಬಹುದು. ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿ ಬಂದಿದ್ದಾರೆಯೇ ಎಂದು ವಿನಯದಿಂದ ಕೇಳಬಹುದು. ಪೋಷಕರಿಗೆ ಫೋನ್ ಮಾಡಿ ಅವರು ಬರುವವರೆಗೆ ಕಾಯಿರಿ ಎನ್ನಬಹುದು. ತರಗತಿಗೆ ಪೊಲೀಸರನ್ನು ಕರೆದೊಯ್ಯದೆ, ಪರಿಚಿತ ಶಿಕ್ಷಕರೊಬ್ಬರು ಹೋಗಿ ಮಗುವನ್ನು ಕರೆತರಬಹುದು, ಇಡೀ ಹೊತ್ತು ಅದರ ಪಕ್ಕದಲ್ಲೇ ಕುಳಿತಿರಬಹುದು. ಸಿಸಿಟಿವಿ ದೃಶ್ಯವನ್ನೋ ಹಾಜರಿ ವಿವರವನ್ನೋ ಕೇಳಿದರೆ ಲಿಖಿತ ಕೋರಿಕೆ ಪಡೆದು, ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಬಹುದು. ಮಗುವಿನ ಫೋಟೊ, ಹೆಸರು ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೂ ಹೋಗದಂತೆ ನೋಡಿಕೊಳ್ಳಬಹುದು. ಗೊಂದಲವಾದರೆ ಮಕ್ಕಳ ಸಹಾಯವಾಣಿ 1098ಕ್ಕೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ಕರೆ ಮಾಡಬಹುದು. ನಾನು ಬಲ್ಲ ಹಿರಿಯ ಮುಖ್ಯ ಶಿಕ್ಷಕಿಯೊಬ್ಬರು ವರ್ಷಾರಂಭದಲ್ಲೇ ಠಾಣೆಗೆ ಹೋಗಿ ಅಲ್ಲಿನ ಮಕ್ಕಳ ಕಲ್ಯಾಣ ಅಧಿಕಾರಿ ಯಾರೆಂದು ಪರಿಚಯ ಮಾಡಿಕೊಂಡು ಬರುತ್ತಾರೆ. ಒಳ್ಳೆಯ ಪೊಲೀಸ್ ಅಧಿಕಾರಿಗಳು ಇಂಥ ಶಾಲೆಯನ್ನು ಗೌರವಿಸುತ್ತಾರೆ. ನಿಯಮ ಪಾಲನೆಯಾಗದೆ ಪಡೆದ ಹೇಳಿಕೆ ಮುಂದೆ ತಮ್ಮದೇ ಪ್ರಕರಣವನ್ನು ದುರ್ಬಲಗೊಳಿಸುತ್ತದೆಂದು ಅವರಿಗೂ ಗೊತ್ತು.

ಶಾಲೆಯ ಪಾತ್ರ ಅಲ್ಲಿಗೇ ಮುಗಿಯುವುದಿಲ್ಲ. ಮಂಡಳಿಗಾಗಿ ಪರಿವೀಕ್ಷಣಾಧಿಕಾರಿ ಸಿದ್ಧಪಡಿಸುವ ಸಾಮಾಜಿಕ ತನಿಖಾ ವರದಿಯಲ್ಲಿ ಮಗುವಿನ ಓದು, ಶಿಕ್ಷಕರು ಮತ್ತು ಸಹಪಾಠಿಗಳು ಅದನ್ನು ಕಾಣುವ ಬಗೆ ಕೂಡ ದಾಖಲಾಗುತ್ತದೆ. ‘ಹುಡುಗ ಮೊದಲಿನಿಂದಲೂ ಹೀಗೇ’ ಎಂಬ ಒಂದು ಬೇಜವಾಬ್ದಾರಿಯ ವಾಕ್ಯಕ್ಕೂ, ‘ತಂದೆ ತೀರಿಕೊಂಡ ವರ್ಷದಿಂದ ಹಾಜರಿ ಕಡಿಮೆಯಾಗಿದೆ, ಗಣಿತದಲ್ಲಿ ಆಸಕ್ತಿಯಿದೆ’ ಎಂಬ ಮಾತಿಗೂ ಎಷ್ಟು ವ್ಯತ್ಯಾಸವಿದೆಯೆಂದು ಬರೆಯುವ ಶಿಕ್ಷಕರು ಒಂದು ಕ್ಷಣ ಯೋಚಿಸಬೇಕು.

ಕೊನೆಯದಾಗಿ ಟಿ.ಸಿ.ಯ ವಿಷಯ. ಪ್ರಕರಣವೊಂದರಲ್ಲಿ ಹೆಸರು ಬಂದ ಕೂಡಲೇ ಪೋಷಕರನ್ನು ಕರೆಸಿ ‘ನೀವೇ ಟಿ.ಸಿ. ತೆಗೆದುಕೊಂಡುಬಿಡಿ’ ಎನ್ನುವ ಶಾಲೆಗಳಿವೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ಹೇಳುತ್ತದೆ. ಸ್ವಇಚ್ಛೆಯ ಹೆಸರಿನಲ್ಲಿ ಒತ್ತಡ ಹೇರುವುದೂ ಹೊರಹಾಕುವುದೇ. ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಂತೆ, ತಪ್ಪು ಸಾಬೀತಾದರೂ ಅದರಿಂದ ಮಗುವಿಗೆ ಯಾವ ಅನರ್ಹತೆಯೂ ಅಂಟಿಕೊಳ್ಳಬಾರದು. ಮಕ್ಕಳ ನ್ಯಾಯಾಲಯ ತೀರ್ಮಾನಿಸಿದ 16 ದಾಟಿದವರ ಘೋರ ಪ್ರಕರಣಗಳಷ್ಟೇ ಇದಕ್ಕೆ ಹೊರತು. ಮೇಲ್ಮನವಿಯ ಅವಧಿ ಮುಗಿದು ನಿಗದಿತ ಕಾಲ ಕಳೆದ ಮೇಲೆ ಉಳಿದ ಪ್ರಕರಣಗಳ ದಾಖಲೆಗಳನ್ನು ನಾಶಪಡಿಸಬೇಕೆಂಬ ನಿಯಮವೂ ಇದೆ. ಮುಗಿದುಹೋದ ಪ್ರಕರಣದ ಯಾವ ವಿವರವನ್ನೂ ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರೇ ಬಹಿರಂಗಪಡಿಸುವಂತಿಲ್ಲ. ಹೀಗಿರುವಾಗ ಟಿ.ಸಿ.ಯ ‘ನಡತೆ’ ಕಾಲಂನಲ್ಲಾಗಲಿ, ದಾಖಲಾತಿ ವಹಿಯ ಷರಾದಲ್ಲಾಗಲಿ, ಮುಂದಿನ ಶಾಲೆಯ ಮುಖ್ಯಸ್ಥರಿಗೆ ಮಾಡುವ ಖಾಸಗಿ ಫೋನ್ ಕರೆಯಲ್ಲಾಗಲಿ ಅದರ ಸುಳಿವು ಕೊಡುವ ಹಕ್ಕು ನಮಗೆ ಎಲ್ಲಿಂದ ಬರಬೇಕು? ಆ ಕಾಲಂನಲ್ಲಿ ಉಳಿದ ಮಕ್ಕಳಿಗೆ ಏನು ಬರೆಯುತ್ತೇವೋ ಆ ಮಗುವಿಗೂ ಅದನ್ನೇ ಬರೆದು, ಸಹಿ ಮಾಡಿ, ಶಾಲೆಯ ಮೊಹರು ಹಾಕಿ ಕೊಡಬೇಕು.