ಓಕ್ಲೆಂಡ್ ಬೆಟ್ಟಗಳಾಚೆಯ ಕ್ಯಾನ್ಯನ್

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬೆಟ್ಟಸಾಲನ್ನು ದಾಟಿದೊಡನೆ ಸಿಗುವ ಕಿರಿದಾದ ಕಣಿವೆಯಲ್ಲಿ, ರೆಡ್‌ವುಡ್ ಮರಗಳ ನಡುವೆ, ಕ್ಯಾನ್ಯನ್ ಎಂಬ ಪುಟ್ಟ ಊರಿದೆ. ಅದರ ಚರಿತ್ರೆಯನ್ನು ಓದುತ್ತಿರುವ ನನಗೆ ಊರಿಗಿಂತ ಅಲ್ಲಿನ ಕಾಡಿನ ಕಥೆಯೇ ದೊಡ್ಡದೆನಿಸುತ್ತಿದೆ.

1820ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸಮೀಕ್ಷೆ ನಡೆಸಿದ ಬ್ರಿಟಿಷ್ ನೌಕಾಧಿಕಾರಿ ಬೀಚಿ, ನೀರಿನಡಿಯ ಬ್ಲಾಸಮ್ ಬಂಡೆಗೆ ಹಡಗುಗಳು ಬಡಿಯದಂತೆ ನಾವಿಕರಿಗೆ ಗುರುತಾಗಿ ಸೂಚಿಸಿದ್ದು ಈ ಬೆಟ್ಟಸಾಲಿನ ಮೇಲೆ ನಿಂತಿದ್ದ ಎರಡು ಹೆಮ್ಮರಗಳನ್ನು. ಚಿನ್ನದ ಆಸೆಗೆ ಜನ ನುಗ್ಗಿಬಂದ 1849ರ ನಂತರ, ಬೆಳೆಯುತ್ತಿದ್ದ, ಪದೇ ಪದೇ ಬೆಂಕಿಗೆ ತುತ್ತಾಗುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಮರ ಒದಗಿಸಲು ಇಲ್ಲಿ ಗರಗಸದ ಗಿರಣಿಗಳು ಎದ್ದವು. 1860ರ ಹೊತ್ತಿಗೆ ಬಹುತೇಕ ಬುಡದ ಮೋಟುಗಳಷ್ಟೇ ಉಳಿದಿದ್ದವು. ಆದರೆ ರೆಡ್‌ವುಡ್ ಕಡಿದ ಬುಡದಿಂದಲೇ ಚಿಗುರುವ ಜಾತಿಯಾದುದರಿಂದ, ಹಳೆಯ ಮೋಟುಗಳ ಸುತ್ತ ಬಳೆಯಾಕಾರದಲ್ಲಿ ಎದ್ದ ಮರಗಳೇ ಇಂದಿನ ಕಾಡಾಗಿವೆ.

ಮುಂದೆ ರೈಲು ಬಂದಿತು, ವಿಹಾರಕ್ಕೆ ಬರುವವರ ಮನೆಗಳೂ ಬಂದವು. 1941ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಸುತ್ತಲಿನ ನೆಲ ಜಲಾಶಯದ ಜಲಾನಯನ ಪ್ರದೇಶವಾಗಿದ್ದುದರಿಂದ, ನೀರು ಸರಬರಾಜು ಸಂಸ್ಥೆಯು ಅನೇಕ ಮನೆಗಳನ್ನು ಕೊಂಡು ಕೆಡವಿತು. 1960ರ ದಶಕದಲ್ಲಿ ತಾವೇ ಮನೆ ಕಟ್ಟಿಕೊಂಡು ನೆಲೆಸಿದ ಯುವಜನರೊಡನೆ ಕೌಂಟಿಯ ಕಟ್ಟಡ ಪರಿವೀಕ್ಷಕರ ಜಗಳ ದೀರ್ಘಕಾಲ ನಡೆಯಿತು. ನೀರಿನ ಶುದ್ಧತೆಯ ಚಿಂತೆ ಹುಸಿಯೇನಲ್ಲ, ಆದರೂ ನನ್ನ ಒಲವು ಊರಿನವರ ಕಡೆಗೇ. ಅವರ ಹಟದಿಂದಾಗಿ ಕ್ಯಾನ್ಯನ್ ಉಳಿದಿದೆ. ಎಂಟನೆಯ ತರಗತಿಯವರೆಗಿನ ಅದರ ಸ್ವಂತ ಶಾಲೆಗೆ ಹೊರಗಿನ ಊರುಗಳಿಂದಲೂ ಮಕ್ಕಳು ಬರುತ್ತಾರೆ.