ಟ್ರಸ್ಟ್ ಕಟ್ಟುವ ಕೆಲಸ: ಕಕ್ಕಡದಿಂದ ಹುತ್ತರಿಯವರೆಗೆ

ಕೊಡಗಿನ ಸಿದ್ದಾಪುರದ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಕಷ್ಟಕ್ಕೆ ಸಿಲುಕಿದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ನೆರವಾಗಲೆಂದು ನಾವು ಐವರು ಆರಂಭಿಸಿದ ಕೆಲಸ ಈಗ ಎಲ್ಲಿಗೆ ಬಂದಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಸಭೆ ಕೊಡವರ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಡೆಯಿತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸೊಸೈಟಿಗೆ ಕನಿಷ್ಠ ಏಳು ಮಂದಿ ಬೇಕಾಗಿದ್ದರಿಂದ ಟ್ರಸ್ಟ್ ಎಂದು ಬೇಗನೆ ತೀರ್ಮಾನವಾಯಿತು. ಉದ್ದೇಶಗಳ ಪಟ್ಟಿಯಲ್ಲಿ ಆಹಾರದ ಕಿಟ್ ಮತ್ತು ಹೊಲಿಗೆ ಯಂತ್ರಗಳನ್ನೇ ಮೊದಲು ಬರೆದಿದ್ದೆವು. 2018ರ ಆಗಸ್ಟ್‌ನ ಭೂಕುಸಿತದ ಸಮಯದಲ್ಲಿ ಪರಿಹಾರ ಕೇಂದ್ರಗಳಲ್ಲಿ ಅಕ್ಕಿ, ಕಂಬಳಿ ಹಂಚಿದ ಅಭ್ಯಾಸ ನಮ್ಮ ಕೈ ಬಿಟ್ಟಿರಲಿಲ್ಲ.

ಆ ಪಟ್ಟಿಯನ್ನು ಕೆಡಿಸಿದವರು ಎರವ ಸಮುದಾಯದ ಒಬ್ಬ ಹೆಂಗಸು. ಗಂಡನ ಹೊಡೆತ ತಾಳಲಾರದೆ ಎರಡು ಮಕ್ಕಳೊಂದಿಗೆ ಬೇರೆ ತೋಟಕ್ಕೆ ಬಂದಿದ್ದ ಅವರು, ನಾವು ಕೊಟ್ಟ ಕಿಟ್ಟನ್ನು ಪಕ್ಕಕ್ಕಿಟ್ಟು, ಇಲಿ ಕಡಿಯದಂತೆ ಜಂತಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು ಇಳಿಸಿ, "ಅಕ್ಕ, ಇದರಲ್ಲಿ ಯಾವ ಕಾಗದ ಯಾವುದಕ್ಕೆ ಅಂತ ನೋಡಿ ಹೇಳಿ" ಎಂದರು. ಜೆರಾಕ್ಸ್ ಪ್ರತಿಗಳು ತೇವಕ್ಕೆ ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದಿದ್ದವು. ಅವನ್ನು ಒಲೆಯ ಬಳಿ ಒಣಗಿಸಿ ಒಂದೊಂದಾಗಿ ಬಿಡಿಸಲು ಅರ್ಧ ದಿನ ಹಿಡಿಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ಅತ್ತೆಯ ಹೆಸರಿತ್ತು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಚೀಟಿಯಲ್ಲಿ ಯಜಮಾನಿಯಾಗಿರುವವರಿಗೇ ಸಲ್ಲುವುದರಿಂದ, ಮಕ್ಕಳನ್ನು ಸಾಕುತ್ತಿದ್ದ ಇವರ ಕೈಗೆ ಒಂದು ಕಾಸೂ ಬರುತ್ತಿರಲಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂದು ದೂರನ್ನೂ ಕೊಟ್ಟಿರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ನಮ್ಮ ಐವರಲ್ಲಿ ಮೂವರಿಗೂ ಅದು ಗೊತ್ತಿರಲಿಲ್ಲ.

ಸೆಪ್ಟೆಂಬರಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ಮೇಲೆ ಕುಳಿತು ಉದ್ದೇಶಗಳನ್ನು ಹೊಸದಾಗಿ ಬರೆದೆವು: ದಾಖಲೆ ಸರಿಪಡಿಸುವುದು, ಕಚೇರಿಗೂ ಕೋರ್ಟಿಗೂ ಜೊತೆಯಲ್ಲಿ ಹೋಗುವುದು, ಹುಡುಗಿಯರ ಓದು ನಿಲ್ಲದಂತೆ ನೋಡಿಕೊಳ್ಳುವುದು. ಹೊಲಿಗೆ ಯಂತ್ರವನ್ನು ಕೈಬಿಟ್ಟಿದ್ದಕ್ಕೆ ಒಬ್ಬರಿಗೆ ಇನ್ನೂ ಬೇಸರವಿದೆ.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ಒಂದೇ ದಿನದಲ್ಲಿ ನೋಂದಣಿಯಾಯಿತು, ಪ್ಯಾನ್ ಕಾರ್ಡೂ ಬಂತು. ಎಡವಿದ್ದು ಆಮೇಲೆ, ಅದೂ ನಮ್ಮದೇ ತಪ್ಪಿನಿಂದ. ಹಳೆಯ ಪತ್ರವೊಂದನ್ನು ನೋಡಿಕೊಂಡು ಬರೆದಿದ್ದರಿಂದ, ಟ್ರಸ್ಟ್ ಮುಚ್ಚಿದರೆ ಉಳಿದ ಆಸ್ತಿ ಇದೇ ಉದ್ದೇಶದ ಬೇರೊಂದು ಸಂಸ್ಥೆಗೆ ಸೇರಬೇಕೆಂಬ ಷರತ್ತು ಬಿಟ್ಟುಹೋಗಿತ್ತು. ದತ್ತಿ ಸಂಸ್ಥೆಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 12ಎಬಿ ನೋಂದಣಿಗೆ ಅರ್ಜಿ ಸಿದ್ಧಪಡಿಸುತ್ತಿದ್ದ ಲೆಕ್ಕಪರಿಶೋಧಕರು ಅದನ್ನು ಗಮನಿಸಿದ್ದರಿಂದ ತಿದ್ದುಪಡಿ ಪತ್ರ ಮಾಡಿಸಿ ಮತ್ತೆ ಶುಲ್ಕ ಕಟ್ಟಿದೆವು.

ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಆ ಹೆಂಗಸಿನ ಹೆಸರಿನಲ್ಲಿ ಪ್ರತ್ಯೇಕ ಪಡಿತರ ಚೀಟಿಗೆ ಅರ್ಜಿ ಹೋಗಿದೆ, ವಕೀಲರು ನೇಮಕವಾಗಿದ್ದಾರೆ. ಈಗ ಮುಂದಿರುವುದು ಅದೇ ಲೈನಿನ ನಾಲ್ವರು ಹುಡುಗಿಯರ ಸಂಗತಿ. ಬಸ್ ನಿಲ್ಲುವ ರಸ್ತೆಗೆ ಅವರು ತೋಟದೊಳಗೆ ಮೂರು ಕಿಲೋಮೀಟರ್ ನಡೆಯಬೇಕು. ಬೆಳಗಿನ ಹೊತ್ತು ಕಾಡಾನೆಗಳಿರುವುದರಿಂದ ಇಬ್ಬರು ಆಗಲೇ ಶಾಲೆ ಬಿಟ್ಟು ಕಾಫಿ ಕೊಯ್ಲಿಗೆ ಹೋಗುತ್ತಿದ್ದಾರೆ. ಜೀಪಿನ ಬಾಡಿಗೆಯಲ್ಲಿ ಅರ್ಧವನ್ನು ಕೊಡಲು ತೋಟದವರು ಒಪ್ಪಿದ್ದಾರೆ. ಉಳಿದರ್ಧಕ್ಕೆ ಸೋಮವಾರ ನಮ್ಮ ಸಭೆಯಿದೆ.